ಮಳೆಗೂ ಬಿಸಿಲಿಗೂ ಒಂದೇ ಟೈರ್: 205/55 ಆರ್16ಗೆ ಯಾವುದು ಹಾಕಲಿ?

ಕುಡ್ಲ_ಎಕ್ಸ್‌ಪ್ರೆಸ್:
ಎಲ್ಲರಿಗೂ ನಮಸ್ಕಾರ. ಗಾಡಿ ಸ್ಲಾವಿಯಾ 1.5, ಟೈರ್ ಸೈಜ್ 205/55 ಆರ್16 (ಅಗಲ 205 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 55, ರಿಮ್ 16 ಇಂಚು). ಗಾಡಿ ಜೊತೆ ಬಂದ ಟೈರ್‌ಗಳು ಸವೆದಿವೆ, ಮಳೆಗಾಲಕ್ಕೆ ಮೊದಲೇ ನಾಲ್ಕೂ ಬದಲಿಸಬೇಕು. ನನಗೆ ಕೆಲಸ ಬೆಂಗಳೂರಲ್ಲಿ, ಅಪ್ಪ ಅಮ್ಮ ಇರುವುದು ಮಂಗಳೂರಲ್ಲಿ. ಹಾಗಾಗಿ ಶಿರಾಡಿ ಇಲ್ಲವೇ ಸಂಪಾಜೆ ತಪ್ಪಿದ್ದಲ್ಲ. ಒಂದೇ ಪ್ರಯಾಣದಲ್ಲಿ ನೆಲಮಂಗಲದಿಂದ ಹಾಸನದವರೆಗೆ ಸುಡುವ ರಸ್ತೆ, ಸಕಲೇಶಪುರ ದಾಟಿದ ಮೇಲೆ ಮಂಜು, ಆಮೇಲೆ ಘಾಟಿಯ ಒದ್ದೆ ಕಾಂಕ್ರೀಟ್, ಗುಂಡ್ಯದಿಂದ ಕೆಳಗೆ ವೈಪರ್ ಫುಲ್ ಸ್ಪೀಡಲ್ಲಿ ಓಡಿದರೂ ಸಾಲದಂಥ ಮಳೆ.

ಗಾಡಿಗೆ 150 ಪಿಎಸ್ ಶಕ್ತಿ ಇದೆ, ಹಾಗಾಗಿ ಟೈರ್ ಸ್ವಲ್ಪ ಸ್ಪೋರ್ಟಿ ಇರಲಿ ಅಂತ ಆಸೆ. ಪಟ್ಟಿಯಲ್ಲಿ ಮಿಷೆಲಿನ್ ಪೈಲಟ್ ಸ್ಪೋರ್ಟ್ 4, ಮಿಷೆಲಿನ್ ಪ್ರೈಮಸಿ 4 ಎಸ್‌ಟಿ, ಕಾಂಟಿನೆಂಟಲ್ ಅಲ್ಟ್ರಾಕಾಂಟ್ಯಾಕ್ಟ್ ಯುಸಿ6, ಯೊಕೊಹಾಮಾ ಅಡ್ವಾನ್ ಡಿಬಿ ಇವೆ. ಅಪೊಲೊದವರ ವ್ರೆಡೆಸ್ಟೈನ್ ಅಲ್ಟ್ರಾಕ್ ಬಗ್ಗೆಯೂ ಒಳ್ಳೆಯ ಮಾತು ಕೇಳಿದ್ದೇನೆ. ಆದರೆ ಎಲ್ಲ ವಿಡಿಯೋದಲ್ಲೂ ಬರೀ ಬಿಸಿಲಲ್ಲಿ ಓಡಿಸಿ "ಗ್ರಿಪ್ ಸೂಪರ್" ಅನ್ನುತ್ತಾರೆ. ಮಳೆಯಲ್ಲಿ ಹೇಗೆ, ಅದರಲ್ಲೂ ಅರ್ಧ ಸವೆದ ಮೇಲೆ ಮಳೆಯಲ್ಲಿ ಹೇಗೆ, ಯಾರೂ ಹೇಳುವುದಿಲ್ಲ. ನಿಮ್ಮ ಅನುಭವ ಹೇಳಿ.

ಟ್ರ್ಯಾಕ್_ಶನಿವಾರ:
ಪೈಲಟ್ ಸ್ಪೋರ್ಟ್ 4 ಹಾಕಿಬಿಡಿ ಗುರು, ಬೇರೆ ಯೋಚನೆ ಬೇಡ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೂ ಕೊಯಮತ್ತೂರಿನ ಕಾರಿ ಟ್ರ್ಯಾಕಿಗೂ ಹೋಗುವವನು ನಾನು. ಟೂರಿಂಗ್ ಟೈರ್‌ಗೂ (ಆರಾಮದ ಓಟಕ್ಕೆ ಮಾಡಿದ ಟೈರ್) ಸ್ಪೋರ್ಟ್ ಟೈರ್‌ಗೂ ಇರುವ ವ್ಯತ್ಯಾಸ ಮೊದಲ ಲ್ಯಾಪಲ್ಲಿ ಗೊತ್ತಾಗುವುದಿಲ್ಲ, ನಾಲ್ಕನೇ ಲ್ಯಾಪಲ್ಲಿ ಗೊತ್ತಾಗುತ್ತದೆ. ಟೂರಿಂಗ್ ಟೈರ್ ಬಿಸಿಯಾದ ಮೇಲೆ ಎಣ್ಣೆ ಹಚ್ಚಿದ ಹಾಗೆ ಆಗುತ್ತದೆ. ಸ್ಟೀರಿಂಗ್ ತಿರುಗಿಸಿದರೆ ಮೊದಲು ಸೈಡ್‌ವಾಲ್ (ಟೈರ್‌ನ ಪಕ್ಕದ ಗೋಡೆ) ಬಾಗುತ್ತದೆ, ಆಮೇಲೆ ಬಟನ್ (ರಸ್ತೆಗೆ ತಾಗುವ ರಬ್ಬರ್ ಉಬ್ಬು) ಬಾಗುತ್ತದೆ, ಅದಾದ ಮೇಲೆ ಗಾಡಿ ತಿರುಗುತ್ತದೆ. ಸ್ಪೋರ್ಟ್ ಟೈರ್‌ನಲ್ಲಿ ಹೊರಭುಜದ, ಅಂದರೆ ಹೊರ ಅಂಚಿನ, ಬ್ಲಾಕ್ ದೊಡ್ಡದು, ಸೈಡ್‌ವಾಲ್ ಗಟ್ಟಿ. ಕೈಯಲ್ಲಿ ಹೇಳಿದ್ದು ಚಕ್ರಕ್ಕೆ ತಕ್ಷಣ ಕೇಳಿಸುತ್ತದೆ.

ನಮ್ಮ ರಾಜ್ಯದಲ್ಲಿ ಮಳೆಗಾಲ ನಾಲ್ಕು ತಿಂಗಳು, ಉಳಿದ ಎಂಟು ತಿಂಗಳು ಒಣ ರಸ್ತೆ. ಎಂಟು ತಿಂಗಳಿಗೆ ಬೇಕಾದ ಟೈರ್ ತಗೊಳ್ಳಿ, ಮಳೆಯಲ್ಲಿ ನಿಧಾನ ಹೋಗಿ. ಇದು ನನ್ನ ಅಭಿಪ್ರಾಯ.

ಆಗುಂಬೆ_ದಾರಿ:
ಟ್ರ್ಯಾಕ್ ಅವರೇ, ಮಳೆಯಲ್ಲಿ ನಿಧಾನ ಹೋಗಿ ಅನ್ನುವುದು ಸುಲಭ. ನಾನು ತೀರ್ಥಹಳ್ಳಿಯವಳು, ಮಣಿಪಾಲದಲ್ಲಿ ಕೆಲಸ. ಆಗುಂಬೆ ಘಾಟಿ ಇಳಿಯುವಾಗ ನಾವು ಹೋಗುವ ವೇಗವೇ 25, 30. ಅದಕ್ಕಿಂತ ನಿಧಾನ ಅಂದರೆ ಇಳಿದು ನಡೆಯಬೇಕು. ಅಲ್ಲಿಯೂ ಹೇರ್‌ಪಿನ್ ತಿರುವಿನಲ್ಲಿ ಎದುರಿಂದ ಬಸ್ಸು ಬಂದು ಬ್ರೇಕ್ ಒತ್ತಿದರೆ ಕೆಲವು ಟೈರ್ ನಿಲ್ಲುತ್ತವೆ, ಕೆಲವು ಜಾರುತ್ತವೆ. ಎಲೆ, ಪಾಚಿ, ಗುಡ್ಡದಿಂದ ಇಳಿದ ಕೆಸರು ಎಲ್ಲ ರಸ್ತೆ ಮೇಲೆಯೇ ಇರುತ್ತದೆ. ನನ್ನ ಹಿಂದಿನ ಟೈರ್ (ಹೆಸರು ಬೇಡ) ಶಿವಮೊಗ್ಗದ ಕಡೆ ಬಿಸಿಲಲ್ಲಿ ಏನೂ ತಕರಾರಿಲ್ಲದೆ ಓಡುತ್ತಿತ್ತು. ಅದೇ ಟೈರ್ ಜುಲೈನಲ್ಲಿ ಘಾಟಿಯಲ್ಲಿ 30ರ ವೇಗಕ್ಕೂ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಟಕಟ ಅನ್ನಿಸುತ್ತಿತ್ತು. ಎಂಟು ತಿಂಗಳ ಲೆಕ್ಕ ಸರಿ, ಆದರೆ ಅಪಘಾತ ಆಗುವುದು ಉಳಿದ ನಾಲ್ಕು ತಿಂಗಳಲ್ಲಿ ಅಲ್ವಾ?

ರಬ್ಬರ್_ಮೇಷ್ಟ್ರು:
ಮೇಡಂ ಹೇಳಿದ್ದರಲ್ಲಿ ಇಡೀ ವಿಷಯ ಇದೆ. ಟೈರ್ ಕಾಂಪೌಂಡ್ (ರಬ್ಬರ್ ಮಿಶ್ರಣ) ತಯಾರಿಕೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಒಣ ರಸ್ತೆಯಲ್ಲಿ ರಬ್ಬರ್‌ಗೆ ಗ್ರಿಪ್ ಬರುವುದು ಎರಡು ರೀತಿ. ಒಂದು, ರಬ್ಬರ್ ರಸ್ತೆಯ ಮೈಗೆ ನೇರವಾಗಿ ಅಂಟಿಕೊಳ್ಳುವುದು. ಇನ್ನೊಂದು, ರಸ್ತೆಯ ಸಣ್ಣ ಸಣ್ಣ ಕಲ್ಲಿನ ಮೊನೆಗಳ ಮೇಲೆ ರಬ್ಬರ್ ಅದುಮಿ, ಮತ್ತೆ ಹಳೆಯ ಆಕಾರಕ್ಕೆ ಬರಲು ಸ್ವಲ್ಪ ತಡ ಮಾಡುವುದು. ಆ ತಡದಲ್ಲಿ ಗಾಡಿಯ ಶಕ್ತಿ ಶಾಖವಾಗಿ ಖರ್ಚಾಗುತ್ತದೆ, ಗಾಡಿ ನಿಲ್ಲುತ್ತದೆ. ರಸ್ತೆ ಒದ್ದೆಯಾದರೆ ಮೊದಲನೆಯದು ಬಹುತೇಕ ಹೋಗಿಬಿಡುತ್ತದೆ, ಯಾಕೆಂದರೆ ನಡುವೆ ನೀರಿನ ತೆಳು ಪೊರೆ ಬರುತ್ತದೆ. ಉಳಿಯುವುದು ಎರಡನೆಯದು ಮಾತ್ರ. ಅಂದರೆ ಒದ್ದೆಯಲ್ಲಿ ಗ್ರಿಪ್ ಬಹುಮಟ್ಟಿಗೆ ಕಾಂಪೌಂಡ್ ಮೇಲೆ ನಿಂತಿರುತ್ತದೆ. ಅಗ್ಗದ ಟೈರ್ ಸಿಕ್ಕಿಬೀಳುವುದು ಇಲ್ಲೇ. ಒಣ ರಸ್ತೆಯಲ್ಲಿ ಯಾವ ರಬ್ಬರ್ ಆದರೂ ಒಂದು ಮಟ್ಟಕ್ಕೆ ಅಂಟಿಕೊಳ್ಳುತ್ತದೆ. ಒದ್ದೆಯಲ್ಲಿ ಹಾಗಲ್ಲ.

ಹಿಂದೆ ಟೈರ್ ರಬ್ಬರ್‌ಗೆ ಬಲ ಕೊಡಲು ಕಾರ್ಬನ್ ಬ್ಲ್ಯಾಕ್ (ಮಸಿಯಂಥ ಕಪ್ಪು ಪುಡಿ) ಒಂದೇ ಇತ್ತು. ಒದ್ದೆ ಗ್ರಿಪ್ ಜಾಸ್ತಿ ಮಾಡಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತಿತ್ತು, ಮೈಲೇಜ್ ನೋಡಿದರೆ ಮಳೆಯಲ್ಲಿ ಜಾರುತ್ತಿತ್ತು. 1990ರ ದಶಕದ ಆರಂಭದಲ್ಲಿ ಮಿಷೆಲಿನ್‌ನವರು ಕಾರ್ ಟೈರ್‌ಗೆ ಸಿಲಿಕಾ (ಮರಳಿನಿಂದ ಮಾಡುವ ಬಿಳಿ ಪುಡಿ) ಬಳಸಲು ಶುರು ಮಾಡಿದ ಮೇಲೆ ಈ ಗಂಟು ಬಿಚ್ಚಿತು. ಚಕ್ರ ಸುಮ್ನೆ ಉರುಳುವಾಗ ರಬ್ಬರ್ ಸೆಕೆಂಡಿಗೆ ಹತ್ತಾರು ಸಲ ಅದುಮುತ್ತದೆ. ಬ್ರೇಕ್ ಒತ್ತಿ ಜಾರುವಾಗ ರಸ್ತೆಯ ಮೊನೆಗಳ ಮೇಲೆ ಸೆಕೆಂಡಿಗೆ ಸಾವಿರಾರು, ಲಕ್ಷಾಂತರ ಸಲ ಅದುಮುತ್ತದೆ. ಸಿಲಿಕಾ ಇರುವ ಕಾಂಪೌಂಡ್ ಮೊದಲನೆಯದರಲ್ಲಿ ಶಕ್ತಿ ಕಡಿಮೆ ತಿನ್ನುತ್ತದೆ, ಎರಡನೆಯದರಲ್ಲಿ ಜಾಸ್ತಿ ತಿನ್ನುತ್ತದೆ. ನಮಗೆ ಬೇಕಾದದ್ದು ಅದೇ. ಇವತ್ತು ಕುಡ್ಲ ಅವರ ಪಟ್ಟಿಯಲ್ಲಿರುವಂಥ ಒಳ್ಳೆಯ ಟೈರ್‌ಗಳಲ್ಲೆಲ್ಲ ಸಿಲಿಕಾ ಇರುತ್ತದೆ. ಎಷ್ಟಿದೆ, ಯಾವ ಪಾಲಿಮರ್ ಜೊತೆಗಿದೆ, ಎಷ್ಟು ಚೆನ್ನಾಗಿ ಬೆರೆಸಿದ್ದಾರೆ ಅನ್ನುವುದರಲ್ಲಿ ವ್ಯತ್ಯಾಸ.

ಈಗ ಮುಖ್ಯ ವಿಷಯ. ಟೈರ್ ಸವೆದಷ್ಟೂ ಒಣ ರಸ್ತೆಯಲ್ಲಿ ಅದರ ಗ್ರಿಪ್ ಸುಧಾರಿಸುತ್ತದೆ, ಕೆಡುವುದಿಲ್ಲ. ಹೊಸ ಟೈರ್‌ನ ಬಟನ್ 7, 8 ಮಿಲಿಮೀಟರ್ ಎತ್ತರ ಇರುತ್ತದೆ. ಬ್ರೇಕ್ ಒತ್ತಿದಾಗ ಆ ಎತ್ತರದ ಬಟನ್ ಬಾಗುತ್ತದೆ, ಒಂದು ಅಂಚು ಮೇಲೇಳುತ್ತದೆ, ನೆಲಕ್ಕೆ ತಾಗುವ ರಬ್ಬರ್ ಕಡಿಮೆಯಾಗುತ್ತದೆ. 3 ಮಿಲಿಮೀಟರ್‌ಗೆ ಇಳಿದ ಬಟನ್ ಗಿಡ್ಡ, ಅದು ಬಾಗುವುದಿಲ್ಲ. ರೇಸಿನ ಸ್ಲಿಕ್ ಟೈರ್‌ಗೆ ಬಟನ್ನೇ ಇಲ್ಲದಿರುವುದು ಇದಕ್ಕೇ. ಮಳೆಯಲ್ಲಿ ಪೂರ್ತಿ ಉಲ್ಟಾ. ಗಾಡಿ ಓಡುವಾಗ ನೀರು ಹೊರಗೆ ಹೋಗಲು ಬಟನ್ ನಡುವಿನ ಕಾಲುವೆಗಳೇ ದಾರಿ. ಟೈರ್ ಸವೆದು ಅವುಗಳ ಆಳ ಕಡಿಮೆಯಾದರೆ ನೀರಿಗೆ ಹೋಗಲು ಜಾಗವಿಲ್ಲ.

ಹೀಗಾಗಿ ನವೆಂಬರ್‌ನಿಂದ ಮೇ ತನಕ ಒಣ ರಸ್ತೆಯಲ್ಲಿ ಓಡಿಸಿದವನಿಗೆ "ಟೈರ್ ಇನ್ನೂ ಚೆನ್ನಾಗಿದೆ, ಮೊದಲಿಗಿಂತ ಚೆನ್ನಾಗಿ ತಿರುಗುತ್ತಿದೆ" ಅನ್ನಿಸುತ್ತದೆ. ಅದು ನಿಜವೂ ಹೌದು. ಜೂನ್ ಮೊದಲ ವಾರ ಅದೇ ಗಾಡಿ, ಅದೇ ತಿರುವು, ಬೇರೆಯದೇ ಟೈರ್. ಒಣ ರಸ್ತೆಯ ಅನುಭವದಿಂದ ಮಳೆಯ ಗ್ರಿಪ್ ಅಂದಾಜು ಮಾಡಲು ಆಗುವುದೇ ಇಲ್ಲ. ಟೈರ್ ಆರಿಸುವಾಗಲೂ ಇದನ್ನೇ ನೆನಪಿಡಿ, ಬದಲಿಸುವಾಗಲೂ ಇದನ್ನೇ ನೆನಪಿಡಿ.

ಟ್ರ್ಯಾಕ್_ಶನಿವಾರ:
ಮೇಷ್ಟ್ರೇ, ಸವೆದ ಟೈರ್ ಒಣ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ ಅನ್ನುವುದು ಟ್ರ್ಯಾಕಲ್ಲಿ ನಮಗೆಲ್ಲ ಗೊತ್ತು, ಕೆಲವರು ಬೇಕಂತಲೇ ಅರ್ಧ ಸವೆದ ಸೆಟ್ ತರುತ್ತಾರೆ. ಆದರೆ ಸ್ಪೋರ್ಟ್ ಟೈರ್ ಮಳೆಯಲ್ಲಿ ಕೆಟ್ಟದು ಅಂತ ಯಾರಾದರೂ ಅಂದುಕೊಂಡಿದ್ದರೆ ಅದು ತಪ್ಪು. ಪೈಲಟ್ ಸ್ಪೋರ್ಟ್ 4 ಮಳೆಗೂ ಒಳ್ಳೆಯದು.

ಸ್ಟುಟ್‌ಗಾರ್ಟ್_ಕನ್ನಡಿಗ:
ಹೌದು, ಅದನ್ನು ನಾನೂ ಹೇಳಬೇಕು ಅಂತಿದ್ದೆ. ಜರ್ಮನಿಯಲ್ಲಿ ಎಡಿಎಸಿ ಅಂತ ದೊಡ್ಡ ವಾಹನ ಸಂಘ ಇದೆ, ಪ್ರತಿ ವಸಂತದಲ್ಲಿ ಬೇಸಿಗೆ ಟೈರ್ ಪರೀಕ್ಷೆ ಮಾಡಿ ಪ್ರಕಟಿಸುತ್ತಾರೆ. ಇಲ್ಲಿ ಜನ ಅದನ್ನು ನೋಡಿಯೇ ಟೈರ್ ತಗೊಳ್ಳುವುದು. ಒಣ ರಸ್ತೆಯಲ್ಲಿ 100ರಿಂದ, ಒದ್ದೆಯಲ್ಲಿ 80ರಿಂದ ಬ್ರೇಕ್ ಒತ್ತಿ ಅಳೆಯುವುದು, ನೀರು ನಿಲ್ಲಿಸಿದ ರಸ್ತೆಯಲ್ಲಿ ಯಾವ ವೇಗಕ್ಕೆ ಟೈರ್ ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ ನೋಡುವುದು, ನೀರು ಹಾಯಿಸಿದ ತಿರುವಿನ ದಾರಿಯಲ್ಲಿ ಲ್ಯಾಪ್ ಟೈಮ್ ನೋಡುವುದು, ಇವೆಲ್ಲ ಸಾಮಾನ್ಯ ಪರೀಕ್ಷೆಗಳು. ಎಡಿಎಸಿಯವರು 2023ರಿಂದ ಅಂಕ ಕೊಡುವ ಕ್ರಮವನ್ನೂ ಬದಲಿಸಿದ್ದಾರೆ. ಚಾಲನೆಯ ಸುರಕ್ಷತೆಗೆ 70 ಭಾಗ, ಪರಿಸರಕ್ಕೆ 30 ಭಾಗ. ಆ ಪರಿಸರದ ಭಾಗದಲ್ಲಿ ಟೈರ್ ಎಷ್ಟು ಬೇಗ ಸವೆಯುತ್ತದೆ ಅನ್ನುವುದೂ ಸೇರಿದೆ.

ಇಂಥ ಪರೀಕ್ಷೆಗಳನ್ನು ವರ್ಷಗಟ್ಟಲೆ ಓದಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಟೈರ್‌ಗಳ ನಡುವೆ ವ್ಯತ್ಯಾಸ ಸಣ್ಣದು. 100ರಿಂದ ನಿಲ್ಲಲು ಎಲ್ಲವೂ 35 ಮೀಟರ್ ಆಸುಪಾಸು, ಒಂದೆರಡು ಮೀಟರ್ ಹೆಚ್ಚು ಕಡಿಮೆ. ಒದ್ದೆಯಲ್ಲಿ ಮಾತ್ರ ಮೊದಲನೆಯದಕ್ಕೂ ಕೊನೆಯದಕ್ಕೂ ಭಾರೀ ಅಂತರ ಬರುತ್ತದೆ.

ಆ ಅಂತರ ಅಂದರೆ ಏನು ಅಂತ ಒಂದು ಲೆಕ್ಕ ಹಾಕೋಣ. ಇದು ಯಾವ ಪರೀಕ್ಷೆಯ ಫಲಿತಾಂಶವೂ ಅಲ್ಲ, ಉದಾಹರಣೆ ಅಷ್ಟೇ. 80ರ ವೇಗದಲ್ಲಿ ಒಂದು ಕಾರು ಒದ್ದೆ ರಸ್ತೆಯಲ್ಲಿ 30 ಮೀಟರ್‌ಗೆ ನಿಂತಿತು, ಇನ್ನೊಂದು 36 ಮೀಟರ್‌ಗೆ ನಿಂತಿತು ಅನ್ನಿ. ಕೇಳಲು 6 ಮೀಟರ್. ಆದರೆ ಮೊದಲ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೇ ಕಾರು ಇನ್ನೂ 33 ಕಿಲೋಮೀಟರ್ ವೇಗದಲ್ಲಿ ಇರುತ್ತದೆ. 45 ಮೀಟರ್‌ಗೆ ನಿಲ್ಲುವ ಟೈರ್ ಆದರೆ ಅದೇ ಜಾಗದಲ್ಲಿ 46 ಕಿಲೋಮೀಟರ್ ವೇಗ. ಎದುರಿಗೆ ಇರುವುದು ಲಾರಿಯ ಹಿಂಭಾಗ ಆದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಆಗುಂಬೆ_ದಾರಿ:
ಈ ಲೆಕ್ಕ ಡ್ರೈವಿಂಗ್ ಸ್ಕೂಲಲ್ಲಿ ಹೇಳಿಕೊಡಬೇಕಿತ್ತು. ಸರ್, ಹಾಗಾದರೆ ಅಂಗಡಿಯಲ್ಲಿ ಟೈರ್ ನೋಡಿ ಯಾವುದು ಮಳೆಗೆ ಒಳ್ಳೆಯದು ಅಂತ ಗುರುತಿಸುವುದು ಹೇಗೆ? ಟೈರ್ ಮೇಲೆ ಏನಾದರೂ ಬರೆದಿರುತ್ತದಾ?

ಸ್ಟುಟ್‌ಗಾರ್ಟ್_ಕನ್ನಡಿಗ:
ಯುರೋಪಲ್ಲಿ ಪ್ರತಿ ಟೈರ್‌ಗೂ ಲೇಬಲ್ ಇದೆ ಮೇಡಂ. 2021ರ ಮೇಯಿಂದ ಹೊಸ ಲೇಬಲ್ ಬಂದಿದೆ. ಇಂಧನಕ್ಕೆ ಎ ಇಂದ ಇ ತನಕ, ಒದ್ದೆ ಗ್ರಿಪ್‌ಗೆ ಎ ಇಂದ ಇ ತನಕ, ಜೊತೆಗೆ ಸದ್ದಿನ ಮಟ್ಟ. ಒದ್ದೆಯಲ್ಲಿ ಒಂದು ದರ್ಜೆಗೂ ಮುಂದಿನ ದರ್ಜೆಗೂ 80ರ ವೇಗದಲ್ಲಿ ಸುಮಾರು 3ರಿಂದ 6 ಮೀಟರ್ ವ್ಯತ್ಯಾಸ ಅಂತ ಲೆಕ್ಕ. ಭಾರತದಲ್ಲಿ ಸಿಗುವ ಮಾದರಿ ಯುರೋಪಲ್ಲೂ ಇದ್ದರೆ ಅದೇ ಹೆಸರು, ಅದೇ ಸೈಜ್ ಹಾಕಿ ಅಲ್ಲಿನ ಲೇಬಲ್ ನೋಡಬಹುದು. ಆದರೆ ನಮ್ಮ ಕಡೆಗಂತಲೇ ಬೇರೆ ಕಾಂಪೌಂಡಲ್ಲಿ ಮಾಡಿದ ಟೈರ್ ಆದರೆ ಆ ಅಂಕ ಹೊಂದುವುದಿಲ್ಲ, ಅದು ನೆನಪಿರಲಿ.

ಈ ಲೇಬಲ್‌ಗೂ ಮಿತಿ ಇದೆ. ಒದ್ದೆ ಗ್ರಿಪ್ ಅಳೆಯುವುದು ರಸ್ತೆ ಮೇಲೆ ಸುಮಾರು 1 ಮಿಲಿಮೀಟರ್ ನೀರು ಇರುವಾಗ, ಹೊಸ ಟೈರ್‌ನಲ್ಲಿ, ನೇರ ಬ್ರೇಕ್ ಒತ್ತಿ. ನಿಂತ ನೀರಿನ ಮೇಲೆ ತೇಲುವುದರ ಬಗ್ಗೆ ಅದು ಏನೂ ಹೇಳುವುದಿಲ್ಲ, ತಿರುವಿನ ಬಗ್ಗೆಯೂ ಇಲ್ಲ. ಸವೆದ ಟೈರ್ ಬಗ್ಗೆ ಮೇಷ್ಟ್ರು ಹೇಳಿದರಲ್ಲ, ಅದಕ್ಕೆ ಈಗ ಇಲ್ಲಿ ಕಾನೂನೇ ಬಂದಿದೆ. 2024ರ ಜುಲೈಯಿಂದ ಮಾರುಕಟ್ಟೆಗೆ ಬರುವ ಹೊಸ ಮಾದರಿಯ ಕಾರ್ ಟೈರ್ ಸವೆದ ಸ್ಥಿತಿಯಲ್ಲೂ ಒದ್ದೆ ಗ್ರಿಪ್ ಪರೀಕ್ಷೆ ಪಾಸಾಗಬೇಕು.

ರಬ್ಬರ್_ಮೇಷ್ಟ್ರು:
ನಮ್ಮಲ್ಲೂ ಒಂದು ಹೆಜ್ಜೆ ಆಗಿದೆ. 2022ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಎಐಎಸ್ 142 ಮಾನದಂಡವನ್ನು ಕಡ್ಡಾಯ ಮಾಡಿತು. ಉರುಳುವ ಪ್ರತಿರೋಧ (ಚಕ್ರ ಉರುಳುವಾಗ ವ್ಯರ್ಥವಾಗುವ ಶಕ್ತಿ), ಒದ್ದೆ ಗ್ರಿಪ್, ಸದ್ದು, ಮೂರಕ್ಕೂ ಕನಿಷ್ಠ ಮಟ್ಟ ಬಂತು. ಆದರೆ ಕನಿಷ್ಠ ಮಟ್ಟ ಪಾಸಾಗುವುದು ಬೇರೆ, ಯಾವುದು ಎಷ್ಟು ಒಳ್ಳೆಯದು ಅಂತ ಗ್ರಾಹಕನಿಗೆ ತೋರಿಸುವುದು ಬೇರೆ. ಕೆಲವು ಟೈರ್ ಮೇಲೆ ಸ್ಟಾರ್ ಲೇಬಲ್ ಕಾಣುತ್ತದೆ, ಫ್ರಿಜ್ ಮೇಲೆ ಇರುವ ಹಾಗೆ. ಅದು ಇಂಧನ ಉಳಿತಾಯದ ಲೇಬಲ್. 5 ಸ್ಟಾರ್ ಇದೆ ಅಂತ ಮಳೆಗೆ ಒಳ್ಳೆಯದು ಅಂದುಕೊಳ್ಳಬೇಡಿ.

ಇನ್ನು ಸೈಡ್‌ವಾಲ್ ಮೇಲೆ ಟ್ರೆಡ್‌ವೇರ್ 320, ಟ್ರ್ಯಾಕ್ಷನ್ ಎಎ ಅಂತೆಲ್ಲ ಇರುತ್ತದಲ್ಲ, ಅದು ಅಮೆರಿಕದ ಪದ್ಧತಿ. ಆ ಟ್ರ್ಯಾಕ್ಷನ್ ಅಕ್ಷರ ಒದ್ದೆ ರಸ್ತೆಯದ್ದೇ, ಆದರೆ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಚಕ್ರ ಪೂರ್ತಿ ಲಾಕ್ ಮಾಡಿ ನೇರ ಎಳೆದು ಅಳೆದದ್ದು. ಎಬಿಎಸ್ ಇರುವ ಗಾಡಿಯಲ್ಲಿ ಚಕ್ರ ಲಾಕ್ ಆಗುವುದೇ ಇಲ್ಲ. ಎಎ ಅಥವಾ ಎ ಇದ್ದರೆ ಒಳ್ಳೆಯದು, ಬಿ ಇದ್ದರೆ ಘಾಟಿಗೆ ಬೇಡ, ಅಷ್ಟರ ಮಟ್ಟಿಗೆ ಬಳಸಿ. ಟ್ರೆಡ್‌ವೇರ್, ಅಂದರೆ ಸವೆತ ತಾಳುವ, ಸಂಖ್ಯೆಯನ್ನು ಬೇರೆ ಬೇರೆ ಕಂಪನಿ ನಡುವೆ ಹೋಲಿಸಬೇಡಿ, ಯಾಕೆಂದರೆ ಆ ಸಂಖ್ಯೆ ಕೊಡುವುದು ಕಂಪನಿಯವರೇ.

ಹಾಸನ_ಟೈರ್_ಅಂಗಡಿ:
ನನ್ನದು ಹಾಸನದಲ್ಲಿ ಟೈರ್ ಅಂಗಡಿ. ಬೆಂಗಳೂರು ಮಂಗಳೂರು ಗಾಡಿಗಳೇ ನಮ್ಮ ಗಿರಾಕಿಗಳು, ಹಾಗಾಗಿ ಕುಡ್ಲ ಅವರ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ.

ಪೈಲಟ್ ಸ್ಪೋರ್ಟ್ 4 ಒಳ್ಳೆಯ ಟೈರ್, ಅನುಮಾನ ಇಲ್ಲ. 2016ರಲ್ಲಿ ಬಂದದ್ದು, ಇದರ ಮುಂದಿನ ಪೈಲಟ್ ಸ್ಪೋರ್ಟ್ 5 ಕೂಡ ಬಂದಿದೆ, ಆದರೆ ಅದು 17 ಇಂಚಿನಿಂದ ಶುರು, ನಿಮ್ಮ 16ಕ್ಕೆ 4 ಮಾತ್ರ. ಹೊರದೇಶದಿಂದ ಬರುವ ಟೈರ್‌ಗಳ ಕಥೆ ಎಲ್ಲರಿಗೂ ಗೊತ್ತು. 2020ರ ಜೂನ್‌ನಲ್ಲಿ ಸರ್ಕಾರ ಆಮದಿಗೆ ಲೈಸೆನ್ಸ್ ಬೇಕು ಅಂತ ಮಾಡಿದ ಮೇಲೆ ಸ್ಟಾಕ್ ಒಂದು ಸಲ ಇರುತ್ತದೆ, ಇನ್ನೊಂದು ಸಲ ಇರುವುದಿಲ್ಲ. ಇದರಿಂದ ಏನಾಗುತ್ತದೆ ಅಂದರೆ ಹಳೆಯ ಸ್ಟಾಕ್ ಕೂಡ ಪೂರ್ತಿ ರೇಟಿಗೆ ಹೋಗುತ್ತದೆ. ಸೈಡ್‌ವಾಲ್ ಮೇಲೆ ಡಿಒಟಿ ಅಂತ ಬರೆದ ಕಡೆ ಕೊನೆಯ ನಾಲ್ಕು ಅಂಕೆ ನೋಡಿ. 1825 ಅಂದರೆ 2025ರ 18ನೇ ವಾರ ತಯಾರಾದದ್ದು. ಮೂರು ವರ್ಷ ಗೋಡೌನಲ್ಲಿ ಬಿಸಿಲಿಗೆ ಒಣಗಿದ ಸ್ಪೋರ್ಟ್ ಟೈರ್‌ಗಿಂತ ಹೋದ ತಿಂಗಳು ಬಂದ ಟೂರಿಂಗ್ ಟೈರ್ ಮಳೆಗೆ ಮೇಲು. ನಾಲ್ಕೂ ಟೈರ್‌ನ ತಾರೀಖು ನೋಡಿ, ಒಂದು ನೋಡಿ ಸುಮ್ಮನಾಗಬೇಡಿ.

ಸೈಡ್‌ವಾಲ್ ಬಗ್ಗೆಯೂ ಯೋಚನೆ ಮಾಡಿ. ಗುಂಡಿಗೆ ಬಿದ್ದು ಬಲ್ಜ್ ಆದ, ಅಂದರೆ ಪಕ್ಕ ಉಬ್ಬಿದ, ಟೈರ್ ನಮ್ಮಲ್ಲಿಗೆ ದಿನಾ ಬರುತ್ತವೆ. ಬಲ್ಜ್ ಬಂದರೆ ರಿಪೇರಿ ಇಲ್ಲ, ಬದಲಿಸಲೇಬೇಕು. ನಿಮ್ಮದು 55 ಪ್ರೊಫೈಲ್, ಸ್ವಲ್ಪ ದಪ್ಪ ಇದೆ, ಅಷ್ಟು ಭಯ ಇಲ್ಲ. ಆದರೆ ಅಂದಕ್ಕೆ ಅಂತ 17, 18 ಇಂಚಿನ ಅಲಾಯ್ ಹಾಕಿ 45, 40 ಪ್ರೊಫೈಲ್‌ಗೆ ಹೋಗಬೇಡಿ. ಲೋಡ್ ಇಂಡೆಕ್ಸ್ 91 ಅಂದರೆ ಒಂದು ಟೈರ್‌ಗೆ 615 ಕೆಜಿ. ವೇಗದ ಅಕ್ಷರ ಎಚ್ ಅಂದರೆ 210, ವಿ ಅಂದರೆ 240, ಡಬ್ಲ್ಯೂ ಅಂದರೆ 270. ಬಾಗಿಲ ಹತ್ತಿರದ ಸ್ಟಿಕ್ಕರಲ್ಲಿ ಇರುವುದಕ್ಕಿಂತ ಕೆಳಗೆ ಇಳಿಯಬಾರದು, ಮೇಲೆ ಹೋದರೆ ತೊಂದರೆ ಇಲ್ಲ.

ಐ20_ಅಭಿ:
ಅಣ್ಣ, ನನ್ನದು ಐ20 ಎನ್ ಲೈನ್, 195/55 ಆರ್16. 215 ಅಗಲದ್ದು ಹಾಕಿದರೆ ರಸ್ತೆಗೆ ಜಾಸ್ತಿ ರಬ್ಬರ್ ತಾಗುತ್ತದೆ, ಮಳೆಯಲ್ಲೂ ಗ್ರಿಪ್ ಜಾಸ್ತಿ ಆಗುತ್ತದೆ ಅಲ್ವಾ? ಸ್ನೇಹಿತರೆಲ್ಲ ಹಾಗೆ ಹಾಕಿಸಿದ್ದಾರೆ.

ರಬ್ಬರ್_ಮೇಷ್ಟ್ರು:
ಒಣ ರಸ್ತೆಯಲ್ಲಿ ಸ್ವಲ್ಪ ಲಾಭ ಇರಬಹುದು ತಮ್ಮಾ. ನಿಂತ ನೀರಲ್ಲಿ ನಷ್ಟ. ಅಗಲ ಜಾಸ್ತಿಯಾದರೆ ಮುಂದಿರುವ ನೀರು ಪಕ್ಕಕ್ಕೆ ಹೋಗಲು ಜಾಸ್ತಿ ದೂರ ಹೋಗಬೇಕು, ಸಿಗುವ ಸಮಯ ಅಷ್ಟೇ. ಬೇಗ ತೇಲುತ್ತದೆ.

ಗಾಳಿಯ ಪಾತ್ರವೂ ಇಲ್ಲಿ ದೊಡ್ಡದು. 1960ರ ದಶಕದಲ್ಲಿ ನಾಸಾದವರು ವಿಮಾನದ ಟೈರ್‌ಗಳ ಮೇಲೆ ಪ್ರಯೋಗ ಮಾಡಿ ಒಂದು ಸೂತ್ರ ಕೊಟ್ಟರು. ಟೈರ್ ಒಳಗಿನ ಗಾಳಿಯ ಒತ್ತಡದ (ಪಿಎಸ್‌ಐ ಲೆಕ್ಕದಲ್ಲಿ) ವರ್ಗಮೂಲ ತೆಗೆದು 9ರಿಂದ ಗುಣಿಸಿದರೆ ತೇಲಲು ಶುರುವಾಗುವ ವೇಗ ನಾಟ್ (ವಿಮಾನ, ಹಡಗಿನ ವೇಗದ ಅಳತೆ) ಲೆಕ್ಕದಲ್ಲಿ ಸಿಗುತ್ತದೆ. ಅದನ್ನು ಕಿಲೋಮೀಟರ್‌ಗೆ ಬದಲಿಸಿದರೆ 33 ಪಿಎಸ್‌ಐಗೆ ಸುಮಾರು 96, 26 ಪಿಎಸ್‌ಐಗೆ ಸುಮಾರು 85. ಕಾರ್ ಟೈರ್‌ನಲ್ಲಿ ಬಟನ್ ಆಳ, ಅಗಲ, ನೀರಿನ ಆಳ ಎಲ್ಲ ಸೇರಿ ಈ ಸಂಖ್ಯೆ ಮೇಲೆ ಕೆಳಗೆ ಆಗುತ್ತದೆ, ಹಾಗಾಗಿ ಇದನ್ನು ನಂಬಿ ವೇಗ ನಿರ್ಧರಿಸಬೇಡಿ. ದಿಕ್ಕು ಮಾತ್ರ ನೋಡಿ. ಗಾಳಿ ಕಡಿಮೆಯಾದಷ್ಟೂ ಕಡಿಮೆ ವೇಗಕ್ಕೇ ತೇಲುತ್ತದೆ. "ಮಳೆಗಾಲದಲ್ಲಿ ಗಾಳಿ ಸ್ವಲ್ಪ ಇಳಿಸಿ, ಗ್ರಿಪ್ ಬರುತ್ತದೆ" ಅಂತ ಕೆಲವರು ಹೇಳುತ್ತಾರಲ್ಲ, ಕೆಸರು ಗದ್ದೆಗೆ ಅದು ಸರಿ, ಹೆದ್ದಾರಿಗೆ ಅಪಾಯ. ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ 100 ವೇಗದ ಮಿತಿ ಇದೆ. ಮಳೆ ಜೋರಾಗಿ ನೀರು ನಿಂತಾಗ ಸವೆದ ಟೈರ್‌ಗೆ ಆ ನೂರು ಕೂಡ ಬಹಳ ಜಾಸ್ತಿ.

ಸ್ಟುಟ್‌ಗಾರ್ಟ್_ಕನ್ನಡಿಗ:
ತಾಪಮಾನದ ಬಗ್ಗೆ ಒಂದು ಮಾತು. ಬೇಸಿಗೆ ಟೈರ್ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ ಅಂತ ಇಲ್ಲಿ ಎಲ್ಲರೂ ಪಾಲಿಸುವ ಲೆಕ್ಕ. ಅಕ್ಟೋಬರ್‌ನಿಂದ ಈಸ್ಟರ್ ತನಕ ಚಳಿಗಾಲದ ಟೈರ್, ಉಳಿದ ಸಮಯ ಬೇಸಿಗೆ ಟೈರ್. ಕರ್ನಾಟಕದಲ್ಲಿ ಆ ಸಮಸ್ಯೆ ಇಲ್ಲ. ಮಲೆನಾಡಿನ ಮಳೆಯಲ್ಲೂ 18, 20 ಡಿಗ್ರಿ ಇರುತ್ತದೆ, ಬೇಸಿಗೆ ಟೈರ್‌ಗೆ ಅದು ಒಳ್ಳೆಯ ಹವೆ. ಹಾಗಾಗಿ ಯಾರಾದರೂ ಮಳೆಗೆ ಆಲ್ ಸೀಸನ್ ಟೈರ್ ತಗೊಳ್ಳಿ ಅಂದರೆ ಬೇಡ. ಹಿಮಕ್ಕೆ ಅಂತ ಮಾಡಿದ ಮೆತ್ತನೆ ರಬ್ಬರ್, ಸಣ್ಣ ಸೀಳುಗಳು ಇರುವ ಬಟನ್ ನಮ್ಮ ಏಪ್ರಿಲ್ ಬಿಸಿಲಲ್ಲಿ ಬಾಗಿ ಬಳುಕುತ್ತವೆ, ಬೇಗ ಸವೆಯುತ್ತವೆ.

ಟ್ರ್ಯಾಕ್_ಶನಿವಾರ:
ಒಪ್ಪಿದೆ. ಕುಡ್ಲ ಅವರೇ, ಈಗ ನನ್ನ ಮಾತನ್ನು ಹೀಗೆ ಹೇಳುತ್ತೇನೆ. ನಿಮಗೆ ಸ್ಟೀರಿಂಗ್ ಚುರುಕು ಬೇಕು, ಬಿಸಿಲಲ್ಲಿ ಘಾಟಿ ಹತ್ತುವಾಗ ಖುಷಿ ಬೇಕು, ರಸ್ತೆ ಸದ್ದು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ ಅಂದರೆ ಪೈಲಟ್ ಸ್ಪೋರ್ಟ್ 4. ಅದು ಮಳೆಯನ್ನೂ ನೋಡಿಕೊಳ್ಳುತ್ತದೆ. ಮನೆಯವರು ಜೊತೆಗಿರುತ್ತಾರೆ, ಸದ್ದಿಲ್ಲದೆ ಮೆತ್ತಗೆ ಹೋಗಬೇಕು ಅಂದರೆ ಪ್ರೈಮಸಿ ಅಥವಾ ಅಡ್ವಾನ್ ಡಿಬಿ. ಎರಡರ ನಡುವೆ ಬೇಕಾದರೆ ಯುಸಿ6. ಆದರೆ ಟೂರಿಂಗ್ ಟೈರ್ ಹಾಕಿಕೊಂಡು ಮೇ ತಿಂಗಳಲ್ಲಿ ಚಾರ್ಮಾಡಿಯಲ್ಲಿ ಜೋರಾಗಿ ಇಳಿಯಬೇಡಿ, ಟೈರ್‌ನ ಭುಜ ಕಿತ್ತು ಬರುತ್ತದೆ.

ಕುಡ್ಲ_ಎಕ್ಸ್‌ಪ್ರೆಸ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ. ಬಜೆಟ್ ನೋಡಿ ಈಗ ಎರಡು ಟೈರ್, ದಸರಾ ಹೊತ್ತಿಗೆ ಎರಡು ಹಾಕಿದರೆ ಹೇಗೆ? ಮುಂದಿನವೇ ಜಾಸ್ತಿ ಸವೆದಿವೆ, ಮುಂದಕ್ಕೆ ಹೊಸದು ಹಾಕಿದರೆ ಸಾಕಾ?

ಹಾಸನ_ಟೈರ್_ಅಂಗಡಿ:
ಅಂಗಡಿಗೆ ಬರುವ ಬಹುತೇಕ ಜನ ಇದನ್ನೇ ಕೇಳುತ್ತಾರೆ. ಎರಡೇ ಹಾಕುವುದಾದರೆ ಹೊಸದು ಹಿಂದಕ್ಕೆ, ಹಿಂದೆ ಇದ್ದ ಒಳ್ಳೆಯವು ಮುಂದಕ್ಕೆ. ಗಿರಾಕಿ ಒಪ್ಪುವುದಿಲ್ಲ, "ಎಂಜಿನ್ ಮುಂದಿದೆ, ಸ್ಟೀರಿಂಗ್ ಮುಂದಿದೆ, ಹೊಸದು ಹಿಂದೆ ಯಾಕೆ" ಅನ್ನುತ್ತಾರೆ. ನಾನು ಹೇಳುವುದು ಹೇಳುತ್ತೇನೆ, ಕೆಲವರು ಕೇಳುತ್ತಾರೆ.

ರಬ್ಬರ್_ಮೇಷ್ಟ್ರು:
ಅಂಗಡಿಯವರು ಹೇಳಿದ್ದು ನೂರಕ್ಕೆ ನೂರು ಸರಿ, ದೊಡ್ಡ ಟೈರ್ ಕಂಪನಿಗಳೂ ಇದನ್ನೇ ಹೇಳುತ್ತವೆ. ಕಾರಣ ಸರಳ. ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಗಾಡಿ ನೇರ ಹೋಗುತ್ತದೆ, ನಿಮ್ಮ ಕೈಗೆ ತಕ್ಷಣ ಗೊತ್ತಾಗುತ್ತದೆ, ಆಕ್ಸಲರೇಟರ್ ಬಿಟ್ಟರೆ ಮತ್ತೆ ಹಿಡಿತ ಬರುತ್ತದೆ. ಹಿಂದಿನ ಚಕ್ರ ಜಾರಿದರೆ ಗಾಡಿ ಹಿಂದಿನಿಂದ ಸುತ್ತುತ್ತದೆ. ಅದನ್ನು ಸರಿಪಡಿಸಲು ಸಾಮಾನ್ಯ ಚಾಲಕನಿಗೆ ಸಮಯವೇ ಸಿಗುವುದಿಲ್ಲ. ಆಕ್ಸಲರೇಟರ್ ಬಿಟ್ಟರೆ ಇನ್ನೂ ಜೋರಾಗಿ ಸುತ್ತುತ್ತದೆ. ಇಎಸ್‌ಸಿ (ಗಾಡಿ ಸುತ್ತದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಇದ್ದರೆ ಸಹಾಯ ಮಾಡುತ್ತದೆ, ಆದರೆ ಅದೂ ಕೆಲಸ ಮಾಡುವುದು ಟೈರ್‌ಗೆ ಇರುವ ಗ್ರಿಪ್ ಬಳಸಿಕೊಂಡೇ. ಇಲ್ಲದ ಗ್ರಿಪ್ ಅದು ತರಲಾರದು.

ನಿಮ್ಮ ವಿಷಯದಲ್ಲಿ ಇನ್ನೊಂದು ಹೇಳುತ್ತೇನೆ. ಕಾನೂನಿನ ಮಿತಿ 1.6 ಮಿಲಿಮೀಟರ್. ಟೈರ್ ಕಾಲುವೆಯ ಒಳಗಿರುವ ಸಣ್ಣ ಉಬ್ಬು, ಟಿಡಬ್ಲ್ಯೂಐ ಗುರುತು, ಬಟನ್ ಮಟ್ಟಕ್ಕೆ ಬಂದರೆ ಆ ಮಿತಿ ಮುಟ್ಟಿದೆ ಅಂತ. ಬೆಂಗಳೂರಲ್ಲೇ ಓಡಾಡುವವರಿಗೆ ಅದು ಪರವಾಗಿಲ್ಲ ಅನ್ನಬಹುದೇನೋ. ಘಾಟಿ ಇಳಿದು ಕರಾವಳಿಗೆ ಹೋಗುವವರು 3 ಮಿಲಿಮೀಟರ್‌ಗೇ ಬದಲಿಸಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಸವೆತ ನೋಡುವ ಸಮಯ ಮೇ ತಿಂಗಳು. ಮಳೆ ಶುರುವಾದ ಮೇಲೆ ಅಲ್ಲ.

ಆಗುಂಬೆ_ದಾರಿ:
ಮೊದಲ ಮಳೆಯ ಬಗ್ಗೆಯೂ ಹೇಳಿ ಮೇಷ್ಟ್ರೇ. ನಮ್ಮ ಕಡೆ ಮೊದಲ ಮಳೆಗೇ ಜಾಸ್ತಿ ಗಾಡಿ ಜಾರುವುದು, ಜುಲೈನ ದೊಡ್ಡ ಮಳೆಗೆ ಅಷ್ಟಿಲ್ಲ.

ರಬ್ಬರ್_ಮೇಷ್ಟ್ರು:
ಸರಿಯಾಗಿ ಗಮನಿಸಿದ್ದೀರಿ. ತಿಂಗಳುಗಟ್ಟಲೆ ರಸ್ತೆ ಮೇಲೆ ಬಿದ್ದ ಎಣ್ಣೆ, ಧೂಳು, ಸವೆದ ರಬ್ಬರ್ ಪುಡಿ ಎಲ್ಲ ಮೊದಲ ಹನಿಗಳ ಜೊತೆ ಕಲಸಿಕೊಂಡು ಜಾರು ಪೇಸ್ಟ್ ಆಗುತ್ತದೆ. ಜೋರು ಮಳೆ ಬಂದು ತೊಳೆದ ಮೇಲೆ ಗ್ರಿಪ್ ಸ್ವಲ್ಪ ವಾಪಸ್ ಬರುತ್ತದೆ. ಮೊದಲ ಮಳೆಯ ಮೊದಲ ಅರ್ಧ ಗಂಟೆ ಎಷ್ಟೇ ಒಳ್ಳೆಯ ಟೈರ್ ಇದ್ದರೂ ನಿಧಾನ. ನುಣುಪಾದ ಹಳೆಯ ಕಾಂಕ್ರೀಟ್, ಸೇತುವೆಯ ಕಬ್ಬಿಣದ ಜೋಡಣೆ, ರಸ್ತೆಯ ಬಿಳಿ ಪಟ್ಟೆ, ಇವುಗಳ ಮೇಲೆ ಇನ್ನೂ ಜಾಸ್ತಿ ಜೋಪಾನ.

ಕುಡ್ಲ_ಎಕ್ಸ್‌ಪ್ರೆಸ್:
ನಿರ್ಧಾರ ಮಾಡಿದೆ. ನಾಲ್ಕೂ ಒಟ್ಟಿಗೆ ಬದಲಿಸುತ್ತೇನೆ, ದಸರಾಕ್ಕೆ ಕಾಯುವುದಿಲ್ಲ. ಹೊಸ ತಾರೀಖಿನ ಪೈಲಟ್ ಸ್ಪೋರ್ಟ್ 4 ಸಿಕ್ಕರೆ ಅದೇ. ಹಳೆಯ ಸ್ಟಾಕ್ ಮಾತ್ರ ಇದ್ದರೆ ಯುಸಿ6. ಅಂಗಡಿ ಅಣ್ಣ, ಮೇ ಎರಡನೇ ವಾರ ಹಾಸನಕ್ಕೆ ಬರುತ್ತೇನೆ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಅಲ್ಲೇ ಆಗುತ್ತದೆ ಅಲ್ವಾ? ಅಲ್ಲಿಂದ ನೇರ ಶಿರಾಡಿ ಇಳಿದು ಮಂಗಳೂರು ಅಂತ ಪ್ಲಾನ್.

ಹಾಸನ_ಟೈರ್_ಅಂಗಡಿ:
ಎಲ್ಲ ಇಲ್ಲೇ ಆಗುತ್ತದೆ, ಬೆಳಗ್ಗೆ ಬೇಗ ಬನ್ನಿ. ಟೈರ್ ತಣ್ಣಗಿದ್ದಾಗಲೇ ಗಾಳಿ ಸರಿಯಾಗಿ ಅಳೆಯಲು ಆಗುವುದು. ಹಳೆಯ ಟೈರ್‌ನ ಸವೆತ ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ಅಳೆದು ತೋರಿಸುತ್ತೇನೆ. ಒಂದೇ ಕಡೆ ಜಾಸ್ತಿ ತಿಂದಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ ಅಂತ, ಅದನ್ನು ಸರಿ ಮಾಡದೆ ಹೊಸದು ಹಾಕಿದರೆ ಅದನ್ನೂ ತಿನ್ನುತ್ತದೆ. ಸ್ಟೆಪ್ನಿಯ ತಾರೀಖು, ಗಾಳಿಯನ್ನೂ ನೋಡಿಬಿಡೋಣ.

ಆದರೆ ಹಾಕಿಸಿಕೊಂಡ ದಿನವೇ ಘಾಟಿಯಲ್ಲಿ ಜೋರು ಬೇಡ. ಹೊಸ ಟೈರ್ ಮೈ ನುಣುಪಾಗಿರುತ್ತದೆ, ಅಚ್ಚಿನಿಂದ ಬಿಡಿಸಲು ಹಾಕಿದ ಅಂಶ ಮೇಲೆ ಇನ್ನೂ ಇರುತ್ತದೆ. ಮೊದಲ 300 ಕಿಲೋಮೀಟರ್ ಗಟ್ಟಿ ಬ್ರೇಕ್ ಇಲ್ಲದೆ, ತಿರುವಿನಲ್ಲಿ ಮೆತ್ತಗೆ ಓಡಿಸಿ. ಆ ದಿನ ಮಳೆ ಇದ್ದರೆ ಮುಂದಿನ ಗಾಡಿಗೆ ಡಬಲ್ ಅಂತರ ಬಿಡಿ. ಮಂಗಳೂರಿಗೆ ಹೋಗಿ ವಾಪಸ್ ಬರುವಾಗ ಅಂಗಡಿ ಹತ್ತಿರ ಐದು ನಿಮಿಷ ನಿಲ್ಲಿಸಿ, ನಟ್ ಬಿಗಿ ಇನ್ನೊಂದು ಸಲ ನೋಡಿ ಕಳಿಸುತ್ತೇನೆ.